ವಲಯ 5ರ ನಾಡಿನಲ್ಲಿ ಎನ್‌ಟಿಎಸ್‌ಸಿ ಡಿಸ್ಕ್: ಒಂದು ಟಿಪ್ಪಣಿ

ನಮ್ಮ ದೂರದರ್ಶನ ನಡೆದದ್ದು ಪಾಲ್ ಪದ್ಧತಿಯಲ್ಲಿ. ಡಿವಿಡಿ ವಲಯಗಳ ಹಂಚಿಕೆಯಲ್ಲಿ ಭಾರತದ ಪಾಲಿಗೆ ಬಂದದ್ದು 5ನೇ ಅಂಕಿ. ಈ ಲೆಕ್ಕದಲ್ಲಿ ಇಲ್ಲಿಯ ಚಿತ್ರಗಳ ಡಿವಿಡಿ ‘ಪಾಲ್, ರೀಜನ್ 5’ ಆಗಿರಬೇಕಿತ್ತು. ಆದರೆ ಭಾರತೀಯ ಚಿತ್ರಗಳ ಹಳೆಯ ಡಿವಿಡಿಗಳ ಹಿಂಬದಿ ನೋಡಿದರೆ ಅನೇಕವುಗಳ ಮೇಲೆ ‘ಎನ್‌ಟಿಎಸ್‌ಸಿ, ಆಲ್ ರೀಜನ್ಸ್’ ಎಂದಿರುತ್ತದೆ. ಎನ್‌ಟಿಎಸ್‌ಸಿ ಅಮೆರಿಕ ಮತ್ತು ಜಪಾನುಗಳ ಪದ್ಧತಿ. ಈ ವಿಚಿತ್ರ ಜೋಡಣೆಗೆ ಕಾರಣವೇನು, ಡಿಸ್ಕ್ ಇಟ್ಟುಕೊಂಡು ಸಿನಿಮಾ ಅಧ್ಯಯನ ಮಾಡುವವರಿಗೆ ಅದರಿಂದ ಏನು ತೊಡಕು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಅಂಗಡಿಯಲ್ಲೂ ಮನೆಯಲ್ಲೂ ‘ಈ ಡಿಸ್ಕ್ ಓಡಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುವ ಸಮಸ್ಯೆ ನಿಜವಾಗಿ ಎರಡು. ಒಂದು ವ್ಯಾಪಾರದ್ದು, ಇನ್ನೊಂದು ವಿದ್ಯುತ್ತಿನದು. ವಲಯ ಸಂಕೇತ ವ್ಯಾಪಾರದ್ದು. ಡಿಸ್ಕ್‌ನ ಮುಖ್ಯ ಮಾಹಿತಿ ಕಡತದಲ್ಲಿ ಎಂಟು ಬಿಟ್‌ಗಳ ಒಂದು ಬೈಟ್ ಇರುತ್ತದೆ, ವಲಯಕ್ಕೊಂದು ಬಿಟ್. ಬಿಟ್ 1 ಆಗಿದ್ದರೆ ಆ ವಲಯದಲ್ಲಿ ನಿಷೇಧ, 0 ಆಗಿದ್ದರೆ ಅನುಮತಿ. ಎಂಟೂ ಸೊನ್ನೆಯಾದರೆ ಎಲ್ಲ ಕಡೆಯೂ ಓಡುವ ಡಿಸ್ಕ್. ಜನ ‘ರೀಜನ್ ಝೀರೋ’ ಎನ್ನುವುದು ಇದಕ್ಕೇ. ಹಾಗೆಂದು ಸೊನ್ನೆ ಎಂಬ ವಲಯವೇನೂ ಇಲ್ಲ.

ಪಾಲ್ ಮತ್ತು ಎನ್‌ಟಿಎಸ್‌ಸಿಗಳ ಭೇದಕ್ಕೆ ಯಾವ ಕಂಪನಿಯ ಹಂಚಿಕೆಯೂ ಕಾರಣವಲ್ಲ. 50 ಹರ್ಟ್ಜ್ ವಿದ್ಯುತ್ತಿನ ದೇಶಗಳ ಟಿವಿ ಸೆಕೆಂಡಿಗೆ 25 ಚಿತ್ರಗಳಲ್ಲಿ ಬೆಳೆಯಿತು, 60 ಹರ್ಟ್ಜ್ ದೇಶಗಳದು ಸುಮಾರು 30ರಲ್ಲಿ. ಡಿವಿಡಿ ಆ ಎರಡೂ ಪರಂಪರೆಗಳನ್ನು ಹಾಗೆಯೇ ಹೊತ್ತುಕೊಂಡು ಬಂತು: ಪಾಲ್ ಡಿಸ್ಕ್‌ನಲ್ಲಿ ಚಿತ್ರದ ಅಳತೆ 720×576, ಎನ್‌ಟಿಎಸ್‌ಸಿಯಲ್ಲಿ 720×480.

ನಮ್ಮ ಪ್ರಕಾಶಕರ ಆಯ್ಕೆ ಅರ್ಥವಾಗುವುದು ಇಲ್ಲಿ. ಪಾಲ್ ನಾಡುಗಳಲ್ಲಿ ಮಾರಾಟವಾದ ಪ್ಲೇಯರ್‌ಗಳು ಸಾಮಾನ್ಯವಾಗಿ ಎನ್‌ಟಿಎಸ್‌ಸಿ ಡಿಸ್ಕ್ ಓಡಿಸುತ್ತಿದ್ದವು, ಟಿವಿಗಳೂ ಅದನ್ನು ತೋರಿಸುತ್ತಿದ್ದವು. ಅಮೆರಿಕದ ಮನೆಗಳಲ್ಲಿ ಹಾಗಲ್ಲ. ಅಲ್ಲಿಯ ಹೆಚ್ಚಿನ ಟಿವಿಗಳು 50 ಹರ್ಟ್ಜ್ ಸಂಕೇತವನ್ನು ಒಪ್ಪಿಕೊಳ್ಳುತ್ತಿರಲಿಲ್ಲ. ಹೀಗಾಗಿ ಎನ್‌ಟಿಎಸ್‌ಸಿಯಲ್ಲಿ ಒಂದೇ ಮುದ್ರಣ ಮಾಡಿ ವಲಯದ ಬಿಟ್‌ಗಳನ್ನು ಖಾಲಿ ಬಿಟ್ಟರೆ ನ್ಯೂಜೆರ್ಸಿಗೂ ಲಂಡನ್ನಿಗೂ ಬೆಂಗಳೂರಿಗೂ ಅದೇ ಡಿಸ್ಕ್ ಸಾಕು. ಹಾಲಿವುಡ್ ತನ್ನ ಮಾರುಕಟ್ಟೆಗಳನ್ನು ತುಂಡು ಮಾಡಿ ಕಾಯುತ್ತಿದ್ದಾಗ ನಮ್ಮವರ ಖರೀದಿದಾರರು ಚದುರಿಹೋಗಿದ್ದರು, ಬೇಲಿ ಹಾಕಿದರೆ ನಷ್ಟ ನಮ್ಮವರಿಗೇ. ಹಾಗಾಗಿ ಹೊದಿಕೆಯ ಮೇಲಿನ ಆ ಗುರುತನ್ನು ನಾನು ತಾಂತ್ರಿಕ ವಿವರಕ್ಕಿಂತ ಹೆಚ್ಚಾಗಿ ವಲಸೆಯ ದಾಖಲೆಯಾಗಿಯೇ ಓದುತ್ತೇನೆ.

ಸಂಶೋಧಕರು ಎಡವುವುದು ಅವಧಿಯ ವಿಷಯದಲ್ಲಿ. ಚಿತ್ರಮಂದಿರದಲ್ಲಿ ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಪಾಲ್‌ಗೆ ತರುವಾಗ ಅದನ್ನು ಸಾಮಾನ್ಯವಾಗಿ 25ಕ್ಕೆ ಏರಿಸಿಬಿಡುತ್ತಾರೆ. 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಎನ್‌ಟಿಎಸ್‌ಸಿಯಲ್ಲಿ ಕೆಲವು ಫೀಲ್ಡ್‌ಗಳನ್ನು (ಅರ್ಧ ಫ್ರೇಮ್‌ಗಳನ್ನು) ಮರುಕಳಿಸಿ ವೇಗ ಕಾಪಾಡುವುದರಿಂದ ಅವಧಿ ಹೆಚ್ಚುಕಡಿಮೆ ಮೂಲದಷ್ಟೇ ಉಳಿಯುತ್ತದೆ. ಎರಡು ಡಿಸ್ಕ್‌ಗಳ ನಡುವೆ ಆರು ನಿಮಿಷದ ಅಂತರ ಕಂಡ ಕೂಡಲೇ ‘ಇದರಲ್ಲಿ ದೃಶ್ಯ ಕತ್ತರಿಸಿದ್ದಾರೆ’ ಎಂದು ಬರೆಯುವುದು ಆತುರ. ಮೊದಲು ಒಂದರ ಅವಧಿಯನ್ನು ಇನ್ನೊಂದರದರಿಂದ ಭಾಗಿಸಿ 25/24 ಬರುತ್ತದೆಯೇ ನೋಡಬೇಕು. ಸಂಗೀತ ಬಲ್ಲವರಿಗೆ ಲೆಕ್ಕವೂ ಬೇಡ: ವೇಗ ಏರಿದಾಗ ಶ್ರುತಿಯೂ ಏರುತ್ತದೆ, ಪ್ರತ್ಯೇಕವಾಗಿ ಸರಿಪಡಿಸದಿದ್ದರೆ ಹಾರ್ಮೋನಿಯಂನ ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗಿರುವ ಅಂತರದ ಮುಕ್ಕಾಲು ಪಾಲಿನ ಹತ್ತಿರ. ಆರಂಭದ ಶೀರ್ಷಿಕೆಗೀತೆಯನ್ನು ಅದರ ಧ್ವನಿಮುದ್ರಿಕೆಯೊಂದಿಗೆ ಹೋಲಿಸಿ ಕೇಳಿದರೆ ಗೊತ್ತಾಗುತ್ತದೆ.

ಇಷ್ಟಕ್ಕೇ ನಿಂತರೆ ಇನ್ನೊಂದು ಬಲೆಗೆ ಬಿದ್ದಂತೆ. ಹೊದಿಕೆ ಎನ್‌ಟಿಎಸ್‌ಸಿ ಎಂದರೂ ಡಿಸ್ಕ್‌ಗೆ ಆಧಾರವಾದದ್ದು ಟಿವಿಗಾಗಿ ತಯಾರಿಸಿದ ಪಾಲ್ ಟೇಪ್ ಆಗಿರಬಹುದು. ಆಗ ಏರಿಸಿದ ವೇಗ ಹಾಗೆಯೇ ಒಳಗೆ ಉಳಿದು, ಮೇಲೆ ಪರಿವರ್ತನೆಯ ಮಬ್ಬೂ ಸೇರುತ್ತದೆ. ಪತ್ತೆಹಚ್ಚುವುದು ಕಷ್ಟವಲ್ಲ. ಪಾತ್ರಗಳು ಓಡಾಡುವ ದೃಶ್ಯದಲ್ಲಿ ನಿಲ್ಲಿಸಿ ಒಂದೊಂದೇ ಫ್ರೇಮ್ ಮುಂದೆ ಸಾಗಬೇಕು. ಐದರಲ್ಲಿ ಮೂರು ಫ್ರೇಮ್ ಶುದ್ಧವಾಗಿದ್ದು ಎರಡು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಂಡಿದ್ದರೆ ಅದು ನೇರ ಫಿಲ್ಮಿನಿಂದ ಬಂದದ್ದು. ಒಂದರ ಮೇಲೊಂದು ಚಿತ್ರ ನೆರಳಿನಂತೆ ಕೂಡಿಕೊಂಡಿದ್ದರೆ ಪಾಲ್ ಮೂಲವನ್ನು ಶಂಕಿಸಬೇಕು. ಗ್ರಂಥಾಲಯದ ಪಟ್ಟಿಯಲ್ಲಿ ಅವಧಿಯ ಜೊತೆಗೆ ‘ಫಿಲ್ಮ್ ಮೂಲ’ ಅಥವಾ ‘ಪಾಲ್ ಮೂಲ’ ಎಂಬ ಎರಡು ಪದ ಸೇರಿಸಿದರೆ ಎಷ್ಟೋ ವಾದಗಳು ಹುಟ್ಟುವುದೇ ಇಲ್ಲ.

ಹೊರಗಿನ ಡಿಸ್ಕ್‌ಗಳ ಕಥೆ ತಿರುಗುಮುರುಗು. 2009ರಲ್ಲಿ ಒಬಾಮ ಅವರು ಬ್ರಿಟನ್ನಿನ ಪ್ರಧಾನಿ ಗೋರ್ಡನ್ ಬ್ರೌನ್ ಅವರಿಗೆ 25 ಅಮೆರಿಕನ್ ಚಿತ್ರಗಳ ಡಿವಿಡಿ ಕೊಟ್ಟಾಗ, ವಲಯ ಬೇರೆಯಾದ್ದರಿಂದ ಅವು ಅಲ್ಲಿ ಓಡಲಿಲ್ಲವೆಂದು ಬ್ರಿಟಿಷ್ ಪತ್ರಿಕೆಗಳು ನಕ್ಕವು. ನಮ್ಮಲ್ಲಿ ಮಾರಾಟವಾದ ಅನೇಕ ಅಗ್ಗದ ಪ್ಲೇಯರ್‌ಗಳು ವಲಯ ನೋಡುತ್ತಲೇ ಇರಲಿಲ್ಲ. ಕೆಲವಕ್ಕೆ ರಿಮೋಟ್‌ನಲ್ಲಿ ಗುಪ್ತ ಅಂಕಿಗಳನ್ನು ಒತ್ತಬೇಕಿತ್ತು. ಇಂಥ ಪ್ಲೇಯರ್‌ಗಳಿಗೆ ಪ್ರತಿಯಾಗಿ 2000ದಲ್ಲಿ ‘ದಿ ಪೇಟ್ರಿಯಟ್’ನಂಥ ಡಿಸ್ಕ್‌ಗಳು ತಾವೇ ಪ್ಲೇಯರ್‌ನ ವಲಯ ವಿಚಾರಿಸತೊಡಗಿದವು. ‘ಎಲ್ಲ ವಲಯ’ ಎಂದು ಹೊಂದಿಸಿದ ಯಂತ್ರ ಇವುಗಳ ಮುಂದೆ ಸೋಲುತ್ತದೆ, ಅಮೆರಿಕದ ವಲಯವಾದ ‘1’ಕ್ಕೆ ಹೊಂದಿಸಿದ್ದು ಗೆಲ್ಲುತ್ತದೆ.

ಕಾನೂನಿನ ಮಾತು ಚಿಕ್ಕದು. 2012ರ ತಿದ್ದುಪಡಿಯಿಂದ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವುದನ್ನು ಶಿಕ್ಷಿಸುತ್ತದೆ. ಹಣ ಕೊಟ್ಟು ತಂದ ಡಿಸ್ಕ್ ಅನ್ನು ಮನೆಯಲ್ಲಿ ನೋಡುವುದರಲ್ಲಿ ಆ ಉದ್ದೇಶ ನನಗೆ ಕಾಣುವುದಿಲ್ಲ. ಆಸ್ಟ್ರೇಲಿಯಾವಂತೂ ತನ್ನ ಕಾಯ್ದೆಯಲ್ಲೇ ವಲಯ ಸಂಕೇತವನ್ನು ಈ ರಕ್ಷಣೆಯ ಹೊರಗಿಟ್ಟಿದೆ.

ಕಂಪ್ಯೂಟರಿನಲ್ಲಿ ಪಾಲ್-ಎನ್‌ಟಿಎಸ್‌ಸಿ ಜಗಳವಿಲ್ಲ, ಪರದೆಗೆ ಎರಡೂ ಒಂದೇ. ವಲಯದ ಕಾಟ ಮಾತ್ರ ಅಲ್ಲೂ ಇದೆ. 2000ದಿಂದೀಚಿನ ಡ್ರೈವ್‌ಗಳಲ್ಲಿ ಬಳಕೆದಾರ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು. ಐದನೆಯದು ಅಲ್ಲಿಯೇ ಕಚ್ಚಿಕೊಳ್ಳುತ್ತದೆ, ಆಪರೇಟಿಂಗ್ ಸಿಸ್ಟಮ್ ಮತ್ತೆ ಹಾಕಿದರೂ ಬಿಡುವುದಿಲ್ಲ. ವಿದೇಶಿ ಡಿಸ್ಕ್‌ಗಳಿರುವ ಸಿನಿಮಾ ಅಧ್ಯಯನ ವಿಭಾಗಗಳು ಒಂದೇ ಡ್ರೈವ್ ಅನ್ನು ಹಿಂದೆಮುಂದೆ ತಿರುಗಿಸುತ್ತ ಕೂರುವ ಬದಲು ಯುಎಸ್‌ಬಿಯ ಎರಡು ಡ್ರೈವ್ ಇಟ್ಟು, ಒಂದನ್ನು ಅಮೆರಿಕದ 1ಕ್ಕೆ, ಇನ್ನೊಂದನ್ನು ಯುರೋಪಿನ 2ಕ್ಕೆ ಹೊಂದಿಸಿ ಮೇಲೆ ಚೀಟಿ ಅಂಟಿಸಿಬಿಡುವುದು ಒಳ್ಳೆಯದು. ನಮ್ಮ ‘ಆಲ್ ರೀಜನ್ಸ್’ ಡಿಸ್ಕ್‌ಗಳು ಎರಡರಲ್ಲೂ ಓಡುತ್ತವೆ.