ಹೆಸರಿಲ್ಲದ ಮಸಿ ಪೆನ್ನು

ನಮ್ಮ ತಾತ ಮೇಷ್ಟ್ರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಹೀಗೆ ನಾಲ್ಕೂ ತಾಲ್ಲೂಕಿನ ಶಾಲೆಗಳಲ್ಲಿ ಪಾಠ ಮಾಡಿದವರು. ಅವರು ಬಿಟ್ಟುಹೋದ ಬಿಸ್ಕತ್ತು ಡಬ್ಬಿಯಲ್ಲಿ ಏಳು ಮಸಿ ಪೆನ್ನುಗಳಿವೆ. ಆರರ ಮೇಲೆ ಕಂಪನಿಯ ಹೆಸರಿದೆ. ಏಳನೆಯದರ ಮೈಮೇಲೆ ಒಂದಕ್ಷರವೂ ಇಲ್ಲ. ಅಜ್ಜಿ ಅದನ್ನು ‘ಸೀಮೆ ಪೆನ್ನು’ ಎಂದೇ ಕರೆಯುತ್ತಾರೆ.

ಅವರ ಮಾತಿಗೆ ಆಧಾರ ನಿಬ್ಬು. ಅದರ ಮೇಲೆ ‘ಜರ್ಮನಿ’ ಎಂದು ಕೆತ್ತಿದೆ. ನಾನೂ ಮೊದಲು ನನ್ನ ಪಟ್ಟಿಯಲ್ಲಿ ಜರ್ಮನ್ ಪೆನ್ನು ಎಂದೇ ಬರೆದುಕೊಂಡಿದ್ದೆ. ಆದರೆ ಪೆನ್ನು ಕೈಜಾರಿ ಬಿದ್ದರೆ ಮೊದಲು ಹಾಳಾಗುವುದು ನಿಬ್ಬು. ಮೊದಲು ಬದಲಾಗುವುದೂ ಅದೇ. ನಮ್ಮಲ್ಲಿ ಪೆನ್ನು ತಯಾರಿಸುತ್ತಿದ್ದ ಎಷ್ಟೋ ಮಂದಿ ಹೊರದೇಶದ ನಿಬ್ಬನ್ನೇ ತರಿಸಿ ಕೂರಿಸುತ್ತಿದ್ದರು. ಹಾಗಾಗಿ ನಿಬ್ಬಿನ ಸಾಕ್ಷಿ ನಿಬ್ಬಿಗಷ್ಟೇ ಸಲ್ಲುತ್ತದೆ.

ಉಳಿದದ್ದು ಪೆನ್ನಿನ ಮೈ. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದರೆ ಗಂಧಕದ ವಾಸನೆ. ಅಂದರೆ ಎಬೊನೈಟ್, ಗಂಧಕ ಬೆರೆಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು. ಕರ್ಪೂರದ ವಾಸನೆ ಬಂದಿದ್ದರೆ ಸೆಲ್ಯುಲಾಯ್ಡ್. (ಸೂಜಿ ಕಾಯಿಸಿ ಚುಚ್ಚಿ ನೋಡುವ ಹಳೆಯ ಉಪಾಯ ಬೇಡ, ಸೆಲ್ಯುಲಾಯ್ಡ್‌ಗೆ ಬೆಂಕಿ ಹತ್ತುತ್ತದೆ.) ಬೆಳಕು, ತೇವ ತಗುಲಿದ ಎಬೊನೈಟ್ ಕಂದುತ್ತದೆ. ಈ ಪೆನ್ನೂ ಹೊರಗೆಲ್ಲ ಕಂದು. ಕ್ಯಾಪು ಮುಚ್ಚಿದ್ದ ಭಾಗ ಮಾತ್ರ ಇನ್ನೂ ಕಪ್ಪು. ಒಳಗೆ ರಬ್ಬರ್ ಚೀಲವಿಲ್ಲ, ಪಕ್ಕದಲ್ಲಿ ಸನ್ನೆಯೂ ಇಲ್ಲ. ಡ್ರಾಪರ್‌ನಿಂದ ನೇರ ಮಸಿ ತುಂಬಬೇಕು. ಭೂತಗನ್ನಡಿ ಹಿಡಿದರೆ ಲೇಥಿನ ಗೆರೆಗಳು ಕಾಣುತ್ತವೆ, ಮರೆಯ ಸುತ್ತುಗಳು ಒಂದೇ ಸಮ ಇಲ್ಲ. ಕೈಯಿಂದ ಕಡೆದ ಪೆನ್ನು.

ಇಲ್ಲಿಗೆ ಬಂದಾಗ ನನಗೆ ರಾಜಮಂಡ್ರಿ ನೆನಪಾಯಿತು. ಅಲ್ಲಿ ಕೆ.ವಿ. ರತ್ನಂ 1932ರಲ್ಲಿ ಸ್ವದೇಶಿ ಪೆನ್ನು ಮಾಡತೊಡಗಿದರು. 1935ರಲ್ಲಿ ಗಾಂಧೀಜಿ ಆ ಪೆನ್ನಿನಲ್ಲಿ ಬರೆದು ನೋಡಿ, ವಿದೇಶಿ ಪೆನ್ನಿಗೆ ಇದು ಒಳ್ಳೆಯ ಬದಲಿ ಎಂಬರ್ಥದ ಪತ್ರ ಕಳಿಸಿದರು. ನಮ್ಮದು ಆಂಧ್ರಕ್ಕೆ ಅಂಟಿಕೊಂಡ ಜಿಲ್ಲೆ, ಮನೆಮಾತಿನಲ್ಲೇ ತೆಲುಗು ಬೆರೆತ ಸೀಮೆ. ತಾತನ ಜೇಬಿನಲ್ಲಿ ಗಾಂಧಿ ಮೆಚ್ಚಿದ ಪೆನ್ನು! ಚೀಟಿಯ ಮೇಲೆ ‘ರತ್ನಂ’ ಎಂದು ಬರೆದೂ ಬಿಟ್ಟೆ.

ಮಾರನೇ ದಿನ ಹೊಡೆದುಹಾಕಿದೆ. ಎಬೊನೈಟ್ ಕಡೆಯುವವರು ಮದ್ರಾಸಿನಲ್ಲೂ ಇದ್ದರು, ಬೇರೆ ಊರುಗಳಲ್ಲೂ ಇದ್ದರು. ಅಜ್ಜಿ ನಿಬ್ಬು ನೋಡಿ ಜರ್ಮನಿ ಎಂದರು. ನಾನು ಆಸೆಗೆ ಬಿದ್ದು ರಾಜಮಂಡ್ರಿ ಎಂದೆ. ನನ್ನದು ಅವರಿಗಿಂತ ದೊಡ್ಡ ತಪ್ಪು. ಅವರ ಹತ್ತಿರ ಒಂದು ಅಕ್ಷರವಾದರೂ ಇತ್ತು.

ವಿಷಯ ಹೇಳಿದಾಗ ಅಜ್ಜಿಗೆ ಬೇಸರವೇನೂ ಆಗಲಿಲ್ಲ. “ಯಾವ ಊರದಾದ್ರೇನು, ಎಷ್ಟು ಮಕ್ಕಳ ಟಿ.ಸಿ. ಅದ್ರಲ್ಲೇ ಬರೆದ್ರು ನಿಮ್ಮ ತಾತ” ಎಂದರು. ನಿಬ್ಬಿನ ತುದಿ ಎಡಕ್ಕೆ ಓರೆಯಾಗಿ ಸವೆದಿದೆ. ನಾನು ಬರೆದರೆ ಕಾಗದ ಕೆರೆಯುತ್ತದೆ. ತಾತ ಹಿಡಿಯುತ್ತಿದ್ದ ಹಾಗೆ ವಾಲಿಸಿ ಹಿಡಿದರೆ ಸಲೀಸಾಗಿ ಓಡುತ್ತದೆ.

ಈಗ ಚೀಟಿಯಲ್ಲಿ ಹೀಗಿದೆ: ಎಬೊನೈಟ್, ಲೇಥಿನಲ್ಲಿ ಕಡೆದದ್ದು, ಡ್ರಾಪರ್ ತುಂಬುವಿಕೆ, ನಿಬ್ಬು ಜರ್ಮನಿಯದು, ತಯಾರಕರು ತಿಳಿದಿಲ್ಲ, ಬರೆದವರು ತಿಳಿದಿದ್ದಾರೆ.