ಪುಟದ ಒಡೆತನ ಯಾರದು?

ಪುಸ್ತಕವನ್ನು ಅಚ್ಚುಹಾಕುವವನು ಅಕ್ಷರದ ಗಾತ್ರ, ಸಾಲಿನ ಉದ್ದ, ಅಂಚಿನ ಅಗಲಗಳನ್ನು ಒಮ್ಮೆ ನಿರ್ಣಯಿಸಿದನೆಂದರೆ ಮುಗಿಯಿತು. ದೃಷ್ಟಿ ಮಂದವಾದ ಓದುಗನು ಕನ್ನಡಕವನ್ನು ಬದಲಿಸಿಕೊಳ್ಳಬೇಕು, ಪುಟವಂತೂ ಬದಲಾಗದು. ಗುಟೆನ್‌ಬರ್ಗ್‌ನ ಕಾಲದಿಂದ ನಡೆದುಬಂದ ಈ ಕಟ್ಟಳೆಯನ್ನು ವೆಬ್ ಎಂಬ ಜಾಲವು ತನ್ನ ಹುಟ್ಟಿನಲ್ಲಿಯೇ ಸಡಿಲಿಸಿತ್ತು ಎಂಬ ಸಂಗತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ಈ ಜಾಲದ ಯೋಜನೆಯನ್ನು ಮುಂದಿಟ್ಟದ್ದು 1989ರಲ್ಲಿ. ಅಲ್ಲಿದ್ದ ಗಣಕಯಂತ್ರಗಳು ಒಂದೊಂದು ಬಗೆಯವು. ಆದುದರಿಂದ ಅವರು ರೂಪಿಸಿದ ಕ್ರಮದಲ್ಲಿ ಬರಹವು ತನ್ನ ಯಾವ ಭಾಗ ಶೀರ್ಷಿಕೆ, ಯಾವುದು ಪರಿಚ್ಛೇದ ಎಂಬುದನ್ನು ಮುಖ್ಯವಾಗಿ ಸೂಚಿಸುತ್ತಿತ್ತು. ಅದು ಕಾಣಬೇಕಾದ ಬಗೆಯನ್ನು ಬಹುಮಟ್ಟಿಗೆ ಓದುಗನ ಯಂತ್ರಕ್ಕೆ ಬಿಟ್ಟಿತ್ತು. ಮೊದಲ ಬ್ರೌಸರು ನೆಕ್ಸ್ಟ್ ಎಂಬ ಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು. ನಿಕೋಲಾ ಪೆಲ್ಲೋ ಎಂಬ ವಿದ್ಯಾರ್ಥಿನಿ, ಬರಿಯ ಅಕ್ಷರಗಳನ್ನು ಸಾಲುಸಾಲಾಗಿ ತೋರಿಸುವ ಇನ್ನೊಂದು ಬ್ರೌಸರನ್ನು ರಚಿಸಿದ ಮೇಲೆ ಸಾಧಾರಣ ಯಂತ್ರಗಳಲ್ಲಿಯೂ ಅದೇ ಬರಹವನ್ನು ಓದುವಂತಾಯಿತು.

ಮುಂದೆ ವ್ಯಾಪಾರವು ಈ ಜಾಲವನ್ನು ಹೊಕ್ಕಿತು. ಅಚ್ಚಿನ ಶಿಸ್ತಿನಲ್ಲಿ ಪಳಗಿದ ಕಲಾವಿದರು ಪುಟವನ್ನು ಕೋಷ್ಟಕಗಳಲ್ಲಿ ಬಿಗಿದರು. ಶೀರ್ಷಿಕೆಗಳನ್ನೇ ಚಿತ್ರಗಳನ್ನಾಗಿ ಮಾಡಿದರು. ಪುಟ ಸೊಗಸಾಯಿತು, ನಿಜ. ಆದರೆ ಚಿತ್ರವಾಗಿಬಿಟ್ಟ ಅಕ್ಷರವನ್ನು ಅಂಧರಿಗಾಗಿ ಓದಿಹೇಳುವ ಯಂತ್ರವು ಗುರುತಿಸಲಾರದೆ ಹೋಯಿತು. ಕನ್ನಡದಂಥ ಲಿಪಿಗೂ ಈ ಬಿಗಿತ ಒಗ್ಗುವಂಥದಲ್ಲ: ಎತ್ತರವನ್ನು ಅಳೆದಿಟ್ಟ ಚೌಕಟ್ಟಿನಲ್ಲಿ ಕೆಳಗಿಳಿಯುವ ಒತ್ತಕ್ಷರಗಳು ಕತ್ತರಿಸಿಹೋಗಬಹುದು.

ಹಾಗಾದರೆ ರೂಪವನ್ನು ನಿರ್ಧರಿಸುವ ಹಕ್ಕು ಯಾರದು? 1994ರ ಅಕ್ಟೋಬರಿನಲ್ಲಿ ನಾರ್ವೆಯ ಹೋಕನ್ ವಿಯುಮ್ ಲೀ ಅವರು ಇದಕ್ಕೊಂದು ಉತ್ತರವನ್ನು ಸೂಚಿಸಿದರು. ಬರಹವನ್ನೂ ಅದರ ಅಲಂಕಾರವನ್ನೂ ಬೇರ್ಪಡಿಸಬೇಕು. ಅಲಂಕಾರದಲ್ಲಿ ಕರ್ತೃವಿನಂತೆ ಓದುಗನಿಗೂ ಮಾತಿರಬೇಕು. ಇದೇ ಸಿಎಸ್‌ಎಸ್ ಎಂಬ ಶೈಲಿಸೂತ್ರಗಳ ಮೂಲ. 1996ರ ಮೊದಲ ಆವೃತ್ತಿಯಲ್ಲಿ, ಇಬ್ಬರೂ ಪಟ್ಟುಹಿಡಿದಾಗ ಗೆಲುವು ಕರ್ತೃವಿನದಾಗಿತ್ತು. 1998ರ ಎರಡನೆಯ ಆವೃತ್ತಿ ಇದನ್ನು ತಿರುವುಮುರುವು ಮಾಡಿತು. ದೊಡ್ಡ ಅಕ್ಷರ ಬೇಕಾದವನ, ಬಣ್ಣಗಳ ಭೇದ ತಿಳಿಯದವನ ಪಟ್ಟಿಗೆ ಕರ್ತೃವು ಮಣಿಯಬೇಕೆಂದು ಅದು ವಿಧಿಸಿತು. ಸಣ್ಣ ತಿದ್ದುಪಡಿಯಂತೆ ತೋರುವ ಈ ನಿಯಮದಲ್ಲಿ ಎಂಥ ನ್ಯಾಯಬುದ್ಧಿ ಅಡಗಿದೆ!

ಆದರೂ ವಿನ್ಯಾಸಕಾರರ ಮನಸ್ಸು ಒಡನೆ ತಿರುಗಲಿಲ್ಲ. ಪುಟ ಬಾಗುವುದು ಜಾಲದ ದೋಷವಲ್ಲ, ಅದರ ಸಹಜಗುಣ ಎಂದು ಆಸ್ಟ್ರೇಲಿಯದ ಜಾನ್ ಆಲ್ಸಾಪ್ 2000ದಲ್ಲಿಯೇ ಬರೆದರು. ಅದು ಎಲ್ಲರಿಗೂ ಮನದಟ್ಟಾಗಲು ಅಂಗೈಯಗಲದ ಫೋನುಗಳು ಬರಬೇಕಾಯಿತು. ತೆರೆಯ ಅಳತೆಗೆ ತಕ್ಕಂತೆ ಅಂಕಣಗಳು ಹಿಗ್ಗಿ ಕುಗ್ಗುವ ವಿಧಾನಕ್ಕೆ ಈಥನ್ ಮಾರ್ಕಾಟ್ 2010ರಲ್ಲಿ 'ರೆಸ್ಪಾನ್ಸಿವ್' ಎಂಬ ಹೆಸರಿಟ್ಟರು. ವಾಸ್ತುಶಿಲ್ಪದಿಂದ ಪಡೆದ ಮಾತು ಅದು.

ತೆರೆಗೆ ಪುಟವು ಮಣಿಯಿತು. ಮನುಷ್ಯನಿಗೂ ಅಷ್ಟೇ ಮಣಿಯಿತೆ? ಓದುಗನು ತನ್ನದೇ ಶೈಲಿಸೂತ್ರವನ್ನು ಬರೆದಿಡುವ ಸೌಕರ್ಯವನ್ನು ಕ್ರೋಮ್ ಬ್ರೌಸರು 2014ರಲ್ಲಿ ಕೈಬಿಟ್ಟಿತು. ಕಪ್ಪು ಹಿನ್ನೆಲೆ ಬೇಕು, ಚಲನೆ ಕಡಿಮೆಯಿರಲಿ ಎಂಬಂಥ ಕೆಲವು ಇಚ್ಛೆಗಳನ್ನು ಯಂತ್ರಕ್ಕೆ ತಿಳಿಸುವ ದಾರಿ ಇಂದು ಉಂಟು. ಅವನ್ನು ನಡೆಸಿಕೊಡುವುದೂ ಬಿಡುವುದೂ ಬಹುಪಾಲು ಪುಟ ಕಟ್ಟಿದವನ ಮರ್ಜಿ. 1998ರಲ್ಲಿ ಓದುಗನ ಕಡೆಗೆ ವಾಲಿದ ತಕ್ಕಡಿಯು ಮತ್ತೆ ಹಿಂದಕ್ಕೆ ಸರಿದಿದೆ.