ಕೀಲಿನ ಅಳತೆ

ಶಾಲೆಯ ಸೀಮೆಸುಣ್ಣದ ಪೆಟ್ಟಿಗೆಗೆ ಮುಚ್ಚಳ ಕೂಡಿಸುವಾಗ ನಾವೊಂದು ತಪ್ಪು ಮಾಡಿದೆವು. ಪಿಯಾನೋ ಕೀಲೆಂದು ಅಂಗಡಿಯವರು ಕರೆಯುವ ಉದ್ದನೆಯ ಕೀಲನ್ನು ತಂದು, ಮುಚ್ಚಳವು 36 ಸೆಂಟಿಮೀಟರ್ ಇದ್ದುದರಿಂದ ಅಷ್ಟಕ್ಕೇ ಗೆರೆ ಎಳೆದು ಕೊಯ್ಯುವಂತೆ ಹುಡುಗರಿಗೆ ಹೇಳಿದೆವು. ಗೆರೆಯು ಒಂದು ಸುರುಳಿಯ ನಟ್ಟನಡುವೆ ಬಿದ್ದಿತ್ತು. ಗರಗಸವು ಅದನ್ನು ಸೀಳಿತು. ಉಳಿದ ಅರೆಸುರುಳಿ ಬಾಗಿ ಕೀಲು ಕೆಟ್ಟಿತು. ಹುಡುಗರು ತಲೆ ತಗ್ಗಿಸಿದರು. ತಪ್ಪಾದರೋ ನಮ್ಮದು. ಕೀಲಿನ ಚರಿತ್ರೆಯನ್ನು ಆಲೋಚಿಸುವಂತೆ ಮಾಡಿದ್ದು ಆ ತಪ್ಪೇ.

ಕೆಲಮಂಗಲದ ಸುತ್ತಿನ ಹಳೆಯ ಮನೆಗಳ ಕೆಲವು ಕದಗಳಿಗೆ ಲೋಹದ ಕೀಲೇ ಇಲ್ಲ. ಕದದ ಒಂದು ಅಂಚಿನ ಮರವನ್ನು ಮೇಲೂ ಕೆಳಗೂ ಗುಂಡಾಗಿ ಚಾಚಿಸಿ, ಬಾಗಿಲುವಾಡದ ಮೇಲಿನ ತೂತಿನಲ್ಲಿಯೂ ಹೊಸ್ತಿಲಿನ ಕುಳಿಯಲ್ಲಿಯೂ ನಿಲ್ಲಿಸುತ್ತಿದ್ದರು. ಕಲ್ಲಿನ ದೇಗುಲಗಳ ಹೊಸ್ತಿಲುಗಳಲ್ಲಿಯೂ ಇಂತಹ ಕುಳಿಗಳನ್ನು ಕಾಣಬಹುದು. ಆ ಕದದ ಅಳತೆ ಆ ಬಾಗಿಲೊಂದಕ್ಕೇ ಸಲ್ಲುವಂಥದು.

ಕಮ್ಮಾರನು ಮಾಡಿಕೊಟ್ಟ ಕೀಲಿನ ರೀತಿಯೂ ಇದೇ. ನಮ್ಮ ಊರು 1965ರವರೆಗೆ ಸೇಲಂ ಜಿಲ್ಲೆಗೆ ಸೇರಿತ್ತು. ಆ ಸೀಮೆಯಲ್ಲಿ ಅದಿರನ್ನು ಇದ್ದಲಿನ ಕುಲುಮೆಗಳಲ್ಲಿ ಕಾಯಿಸಿ ಕಬ್ಬಿಣ ತೆಗೆಯುವ ವಿದ್ಯೆ ಬಹು ಪ್ರಾಚೀನವಾದುದು. ಕಮ್ಮಾರನು ಪೆಟ್ಟಿಗೆಯನ್ನು ನೋಡಿ ಪಟ್ಟಿಯನ್ನು ಬಡಿದು, ತುದಿಯನ್ನು ಸುರುಳಿಸಿ, ಕಂಬಿಯನ್ನು ತೂರಿಸುತ್ತಿದ್ದನು. ಮರವು ಮೊದಲು, ಕೀಲು ಆಮೇಲೆ.

ಕಾರ್ಖಾನೆಯು ಈ ಕ್ರಮವನ್ನು ತಿರುವಿಹಾಕಿತು. ಇಂಗ್ಲೆಂಡಿನಲ್ಲಿ 1775ರಲ್ಲಿ ಎರಕದ ಕಬ್ಬಿಣದ ಕೀಲಿಗೆ ಪೇಟೆಂಟ್ ದೊರೆಯಿತು. ಗೊತ್ತಾದ ಅಳತೆಗಳ ಕೀಲುಗಳು ಅಂಗಡಿಗೆ ಬಂದ ಮೇಲೆ ಬಡಗಿಯು ಅವುಗಳಿಗೆ ಹೊಂದುವಂತೆ ಮರವನ್ನು ಕೆತ್ತಬೇಕಾಯಿತು. ನಮ್ಮ ದೇಶದಲ್ಲಿ ಅಳತೆ, ಗುಣಗಳನ್ನು ಗೊತ್ತುಪಡಿಸುವ ಮಾನಕ ಸಂಸ್ಥೆಯು 1947ರಲ್ಲಿ ಸ್ಥಾಪಿತವಾಯಿತು. ಪಿಯಾನೋ ಕೀಲಿಗೂ ಐಎಸ್ 3818 ಎಂಬ ಪ್ರತ್ಯೇಕ ಮಾನಕವುಂಟು. ಪಿಯಾನೋ ವಾದ್ಯದ ಉದ್ದನೆಯ ಮುಚ್ಚಳಕ್ಕೆ ಬಳಸಿದ್ದರಿಂದ ಅದಕ್ಕೆ ಆ ಹೆಸರು. ಅದು ಉದ್ದವಾಗಿಯೇ ಬರುತ್ತದೆ. ಎಲ್ಲಿ ಕೊಯ್ಯಬೇಕೆಂಬ ನಿರ್ಧಾರವು ಮತ್ತೆ ಕೆಲಸಗಾರನ ಕೈಗೇ ಬಂದಿತು. ಹಳೆಯ ಕಮ್ಮಾರನ ವಿವೇಕವು ಇಲ್ಲಿ ನಮಗೆ ಬೇಕು.

ಆದುದರಿಂದ ಎರಡನೆಯ ಸಲ ಅಳತೆಪಟ್ಟಿಯನ್ನು ಮಾತ್ರ ನಂಬಲಿಲ್ಲ. ಮುಚ್ಚಳಕ್ಕಿಂತ ತುಸು ಕಿರಿದಾಗಿ, ಎರಡು ಸುರುಳಿಗಳು ಕೂಡುವ ಸಂದಿಯಲ್ಲಿ ಗುರುತು ಹಾಕಿದೆವು. ತಿರುಪುಮೊಳೆಯ ತೂತು ಅಂಚಿಗೆ ತೀರ ಹತ್ತಿರವಾಗದಂತೆ ನೋಡಿಕೊಂಡೆವು. ಎರಡು ಮರದ ಪಟ್ಟಿಗಳ ನಡುವೆ ಕೀಲನ್ನು ಬಿಗಿಹಿಡಿದು, ಸಣ್ಣ ಹಲ್ಲಿನ ಗರಗಸದಿಂದ ಮೆಲ್ಲಗೆ ಕೊಯ್ದು, ಅಂಚನ್ನು ಅರದಿಂದ ನಯಗೊಳಿಸಿದೆವು. ಕಂಬಿ ಜಾರದಂತೆ ಅದರ ತುದಿಯನ್ನು ಸುತ್ತಿಗೆಯಿಂದ ಹಗುರವಾಗಿ ತಟ್ಟಿದೆವು. ಮುಚ್ಚಳವು ಸದ್ದಿಲ್ಲದೆ ತೆರೆಯಿತು.

1937ರಲ್ಲಿ ವಾರ್ಧಾದಲ್ಲಿ ರೂಪುಗೊಂಡ ಮೂಲಶಿಕ್ಷಣದ ಯೋಜನೆಯು ಕೈಕೆಲಸವನ್ನು ಪಾಠದ ನಡುವೆಯೇ ಇರಿಸಿತ್ತು. ಅದರ ಅರ್ಥ ನಮಗೆ ಆ ದಿನ ತಿಳಿಯಿತು. ಕನ್ನಡ, ತೆಲುಗುಗಳೆರಡರಲ್ಲಿಯೂ 'ಕೀಲು', ತಮಿಳಿನಲ್ಲಿ 'ಕೀಲ್'. ಮೂರು ನುಡಿಗಳೂ ಕೂಡುವ ನಮ್ಮೂರಿನಲ್ಲಿ ಈ ಮಾತಿಗೆ ಅನುವಾದ ಬೇಡ. ಆದರೆ ಎಲ್ಲಿ ಕೊಯ್ಯಬೇಕೆಂಬುದನ್ನು ಮಾತು ಕಲಿಸದು. ವಸ್ತುವನ್ನು ಕಣ್ಣಿಟ್ಟು ನೋಡಿಯೇ ಕಲಿಯಬೇಕು. ಕೆಟ್ಟ ಆ ಮೊದಲ ತುಂಡನ್ನು ನಾವು ಎಸೆದಿಲ್ಲ. ಅದು ಪೆಟ್ಟಿಗೆಯೊಳಗೆ ಸೀಮೆಸುಣ್ಣದ ಜೊತೆಗೇ ಇದೆ.